ವಾಡೆಯ ಅಗಳಿ

ಗಂಡನ ಹೊಡೆತಕ್ಕೆ ಸೋತ ನೀಲಾಂಬಿಕಾ ಜಮ್‌ಶೆಡ್‌ಪುರ ಬಿಟ್ಟು, ದೇಶದ ಈ ತುದಿಗೆ ಬಂದು, ದೇಸಾಯರ ಕಾಲದ ಹಳೆಯ ವಾಡೆಯನ್ನು ನೋಡಿಕೊಳ್ಳುವ ಕೆಲಸ ಹಿಡಿದು ಅಲ್ಲೇ ಉಳಿದಳು. ಆ ದೊಡ್ಡ ಅಂಕಣಗಳ ಧೂಳು ಹೊಡೆಯುವುದರಲ್ಲೇ ಮೈ ಹಣ್ಣಾಗುತ್ತಿತ್ತು. ಆದರೂ ಆನೆ ನೂಕಿದರೂ ಜಗ್ಗದ ಹೆಬ್ಬಾಗಿಲಿಗೆ ಅಗಳಿ ಹಾಕಿದರೆ ಅವಳಿಗೆ ನಿದ್ದೆ ಬರುತ್ತಿತ್ತು.

ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಕಿಂಡಿಯಲ್ಲಿ ನೋಡಿದರೆ ಅತ್ತೆ!

"ನಾ ತಿರುಗಿ ಬರೂದಿಲ್ರಿ ಅತ್ತಿ. ನಿಮ್ಮ ಮಗಗ ಹೋಗಿ ಹೇಳ್ರಿ."

"ನಾ ಬಂದದ್ದು ಅವಗ ಗೊತ್ತಿಲ್ಲ. ನಿಮ್ಮವ್ವನ್ನ ಕೇಳಿಕೊಂಡು ಬಂದೀನಿ."

"ಮತ್ತ ಇಷ್ಟು ದೂರ ಯಾಕ ಬಂದ್ರಿ?"

ಮುದುಕಿ ಗಂಟು ಕೆಳಗಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತಳು.

"ನೀ ಬಂದ ಮ್ಯಾಲೆ ಅವನ ಕೈಗೆ ಸಿಗಾಕ ಮನ್ಯಾಗ ನಾ ಒಬ್ಬಾಕೀನ ಉಳಿದಿದ್ದೆ, ತಂಗಿ."