ಕುಂಕುಮ ಹತ್ತಿದ ಕಾರ್ಡು

ಹೊಸ ಪ್ಲಾಸ್ಟಿಕ್ ಹಾಳೆಯ ವಾಸನೆಗೆ ಈಗಲೂ ಹಿಂದೂಪುರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಚಿಪ್ಸ್ ಪೊಟ್ಟಣಗಳಲ್ಲಿ ಸಿಕ್ಕ, ಟಿವಿಯ ಹಾರುವ ವೀರನ ಕಾರ್ಡುಗಳನ್ನೆಲ್ಲ ಪ್ಲಾಸ್ಟಿಕ್ ಹಾಳೆಗಳ ಹೊಸ ಆಲ್ಬಮ್ಮಿನಲ್ಲಿ ಜೋಡಿಸಿದ್ದೆ. ಕಲ್ಯಾಣದುರ್ಗದಿಂದ ಚಿಕ್ಕಪ್ಪನ ಮಗ ಸೀನ ತನ್ನ ಆಲ್ಬಮ್ ಹಿಡಿದು ಬರುವವನಿದ್ದ. ಅವನದಕ್ಕಿಂತ ನನ್ನದೇ ಚೆಂದ ಕಾಣಬೇಕಿತ್ತು. ತೆರೆದು ನೋಡಿದರೆ, ಎಲ್ಲಕ್ಕಿಂತ ಹೊಳೆಯುವ ಕಾರ್ಡಿನಲ್ಲಿ ವೀರನ ಹಣೆಗೆ ಕುಂಕುಮ!

ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತಿದಳು. "ತಲೆ ಸುತ್ತ ಬೆಳಕೈತೆ, ದೇವ್ರಲ್ದೆ ಇನ್ಯಾರಮ್ಮಿ? ಬರೀ ಹಣೇಲಿ ಕೂರ್ಸ್‌ಬುಟ್ಟಿದ್ದೀಯಲ್ಲ!"

ಒರೆಸಲು ಹೋದರೆ ವೀರನ ಮೂಗೂ ಕೆಂಪಾಯಿತು. ನಾನು ಅಳುತ್ತಿರುವಾಗಲೇ ಸೀನ ಬಂದ. ಆ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಅಕ್ಕಾ, ಭಲೇ ಐತೆ! ನಮ್ಮೂರಲ್ಲಿ ಇಂಥದ್ದು ಯಾರತ್ರಾನೂ ಇಲ್ಲ."

ಆಮೇಲೆ ತನ್ನ ಆಲ್ಬಮ್ಮನ್ನು ಅಜ್ಜಿಯ ಮುಂದಿಟ್ಟ. "ಅಜ್ಜಿ, ಇವಕ್ಕೂ ಇಟ್ಬುಡು."

"ಇರಪ್ಪಾ, ಕೈ ತೊಳ್ಕಂಡು ಬತ್ತೀನಿ," ಎಂದು ಅಜ್ಜಿ ಎದ್ದಳು.