ಔಷಧಿಗೆ ಬೇಕಾದ ಹುಳ

ಬೆಳಗ್ಗೆ ಏಳೂವರೆಗೆ ಹುಳ ಹಿಡಿಯುವವನು ಐಸ್ ಪೆಟ್ಟಿಗೆ ಹೊತ್ತು ಹಿತ್ತಲಿಗೆ ಬಂದಾಗ, ಕಣಜದ ಹುಳಗಳೆಲ್ಲ ಗೂಡಿನ ಕೆಳಗೆ ಸತ್ತು ಬಿದ್ದಿದ್ದವು. ಸುಮಾರು ಮುನ್ನೂರು ಇರಬಹುದು.

"ನಿಮಗೆ ಕೆಲಸಾನೇ ಇಡ್ಲಿಲ್ಲ ನೋಡಿ," ಎಂದಳು ಮನೆಯ ಅಜ್ಜಿ, ಖಾಲಿ ಸ್ಪ್ರೇ ಡಬ್ಬಿ ಅಲ್ಲಾಡಿಸುತ್ತ.

"ಅಜ್ಜಿ, ಫೋನಲ್ಲಿ ನಾನೇನು ಹೇಳಿದ್ದೆ?"

"ಹುಳ, ಔಷಧಿ ಅಂದ್ರಿ. ಅಷ್ಟಕ್ಕೆ ನೀವ್ಯಾಕೆ ಬರ್ಬೇಕು? ನನಗೇನು ಔಷಧಿ ಹೊಡಿಯೋಕೆ ಬರಲ್ವಾ?"

ಹುಳ ಔಷಧಿಗೆ ಬೇಕು ಎಂದಿದ್ದ ಅವನು. ಜೀವಂತ ಹಿಡಿದು ಹೆಪ್ಪುಗಟ್ಟಿಸಿ ಕೊಟ್ಟರೆ, ಪ್ರಯೋಗಾಲಯದವರು ಅದರ ವಿಷ ತೆಗೆದು, ಆ ಹುಳ ಕಚ್ಚಿದರೆ ಮೈ ತಡೆಯದವರಿಗೆ ಇಂಜೆಕ್ಷನ್ ತಯಾರಿಸುತ್ತಾರೆ. ಕೀಟನಾಶಕ ತಗುಲಿದ ಹುಳ ಅವರಿಗೆ ಬೇಡ. ಈ ಬಗೆಯ ಗೂಡು ಈ ವರ್ಷ ಅವನಿಗೆ ಸಿಕ್ಕಿದ್ದು ಇದೊಂದೇ.

ಅಜ್ಜಿಯ ಬೆನ್ನ ಹಿಂದೆಯೇ, ಅಡುಗೆಮನೆಯ ಬಾಗಿಲಲ್ಲಿ ಎಂಟು ವರ್ಷದ ಮೊಮ್ಮಗಳು ನಿಂತಿದ್ದಳು. ಹೋದ ತಿಂಗಳು ಇದೇ ಗೂಡಿನ ಒಂದು ಹುಳ ಕಚ್ಚಿ, ಅವಳ ಗಂಟಲು ಊದಿ ಉಸಿರು ಕಟ್ಟಿತ್ತು. ಇನ್ನೊಮ್ಮೆ ಕಚ್ಚಿದರೆ ಉಳಿಯುವುದು ಕಷ್ಟ, ಆ ಇಂಜೆಕ್ಷನ್ ಕೊಡಿಸಲೇಬೇಕು ಎಂದಿದ್ದರು ಡಾಕ್ಟರು. ಆಸ್ಪತ್ರೆಯಲ್ಲಿ ಅದರ ದಾಸ್ತಾನು ಮುಗಿದಿತ್ತು.

"ಆಸ್ಪತ್ರೆಯವರೇ ಅಲ್ವಾ ನಿಮ್ಮನ್ನ ಕಳಿಸಿದ್ದು," ಅಜ್ಜಿ ದನಿ ತಗ್ಗಿಸಿದಳು. "ಇವಳ ಇಂಜೆಕ್ಷನ್ ಯಾವಾಗ ಬರುತ್ತಂತೆ?"

ಅವನು ಬಾಯಿ ತೆರೆದ. ಅಜ್ಜಿಯ ಕೈ ಹುಡುಗಿಯ ತಲೆ ಸವರುತ್ತಿತ್ತು.

"ಕೇಳಿ ಹೇಳ್ತೀನಿ," ಎಂದವನು ಮೊಣಕಾಲೂರಿ ಕುಳಿತು, ಸತ್ತ ಹುಳಗಳನ್ನೆಲ್ಲ ಚಿಮಟದಿಂದ ಒಂದೊಂದಾಗಿ ಎತ್ತಿ ಪೆಟ್ಟಿಗೆಗೆ ಹಾಕಿಕೊಂಡ. ಅಜ್ಜಿ ಎಣಿಸುತ್ತ ಪಕ್ಕದಲ್ಲೇ ನಿಂತಿದ್ದಳು. ಬೀದಿಯ ತಿರುವಿನಲ್ಲಿ, ಕಸದ ತೊಟ್ಟಿಯ ಬಳಿ ಗಾಡಿ ನಿಲ್ಲಿಸಿ, ಅವನು ಪೆಟ್ಟಿಗೆಯನ್ನು ಬೋರಲು ಹಾಕಿದ.