ಹಸಿವಿನ ಟಾನಿಕ್

ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ಸೊಸೆ ಮಗುವಿನ ಚೀಲವನ್ನು ಟ್ರೇಗೆ ಖಾಲಿ ಮಾಡುತ್ತಿದ್ದಳು. ಹಾಲಿನ ಪುಡಿಯ ಡಬ್ಬಿ, ಕುದಿಸಿ ಆರಿಸಿದ ನೀರಿನ ಫ್ಲಾಸ್ಕ್, ಕಲಸಿಟ್ಟ ಹಾಲಿನ ಬಾಟಲಿ, ಬಟ್ಟೆಯಲ್ಲಿ ಸುತ್ತಿದ ಚಮಚ. ಸೊಂಟದ ಮೇಲಿದ್ದ ಮಗು ಒಂದೊಂದಕ್ಕೂ ಕೈ ಹಾಕುತ್ತಿತ್ತು. ಕೊನೆಗೆ ಡೈಪರುಗಳ ಸಂದಿಯಿಂದ ಕಂದು ಬಣ್ಣದ ಚಿಕ್ಕ ಸೀಸೆಯೊಂದನ್ನು ತೆಗೆದು ಡಬ್ಬಿಯ ಮರೆಗೆ ಸರಿಸಿಟ್ಟಳು.

"ಇಷ್ಟು ನೋಡಿದ್ರೆ ವಿಮಾನದಲ್ಲಿ ಹಾಲಿನಂಗಡಿ ಇಡೋಕೆ ಹೊರಟಿದ್ದೀವಿ ಅಂದ್ಕೋತಾರೆ," ಎಂದರು ಹಿಂದೆಯೇ ನಿಂತಿದ್ದ ಅತ್ತೆ. ಸೊಸೆಯನ್ನೂ ಮೊಮ್ಮಗನನ್ನೂ ಮಗನ ಕೆಲಸದ ಊರಿಗೆ ಬಿಟ್ಟುಬರಲು ಅವರೇ ಮುಂದಾಗಿ ಹೊರಟಿದ್ದರು. "ಅಲ್ವೇನೋ ಗುಂಡಣ್ಣ?"

ನೀಲಿ ಕೈಗವಸು ತೊಟ್ಟ ತಪಾಸಣೆಯ ಹೆಂಗಸು ನಗಲಿಲ್ಲ. ಹಾಲಿನ ಬಾಟಲಿ ಎತ್ತಿ, "ಸ್ವಲ್ಪ ಕುಡಿದು ತೋರಿಸಿ," ಎಂದಳು.

"ಕೊಡಿ ಇಲ್ಲಿ." ಅತ್ತೆ ಅಂಗೈಗೆ ಒಂದಿಷ್ಟು ಸುರಿದುಕೊಂಡು ಚಪ್ಪರಿಸಿದರು. "ಸಪ್ಪೆ. ಅದು ಬಿಟ್ಟು ಇನ್ನೇನೂ ತಪ್ಪಿಲ್ಲ, ಬಿಡಿ." ಸಾಲಿನಲ್ಲಿ ಇಬ್ಬರು ಮೂವರು ನಕ್ಕರು.

ಅಷ್ಟರಲ್ಲಿ ನೀಲಿ ಕೈ ಡಬ್ಬಿಯ ಹಿಂದಕ್ಕೆ ಹೋಗಿತ್ತು.

"ಇದೇನು?"

"ಟಾನಿಕ್," ಎಂದಳು ಸೊಸೆ. "ಹಸಿವಿಗೆ."

"ಹೆಸರೇ ಇಲ್ಲ?"

"ನೀರು ಬಿದ್ದು ಹೋಯ್ತು."

ಹೆಂಗಸು ಸೀಸೆಯನ್ನು ಬೆಳಕಿಗೆ ಹಿಡಿದಳು. "ನೀರಿಗೆ ಉಗುರಿರುತ್ತಾ? ಕೆರೆದಿರೋದು ಕಾಣ್ತಿದೆಯಲ್ಲ. ಡಾಕ್ಟರ ಚೀಟಿ ಎಲ್ಲಿ?"

"ಮರೆತು ಬಂದೆ."

ಎಲ್ಲವೂ ಸುಳ್ಳು. ಚೀಟಿಯನ್ನು ಬೇಕೆಂದೇ ತವರಿನಲ್ಲಿ ಬಿಟ್ಟಿದ್ದಳು. ಸೀಸೆಯ ಮೇಲಿನ ಹೆಸರನ್ನು ಬಚ್ಚಲ ಬಾಗಿಲು ಹಾಕಿಕೊಂಡು ಕೆರೆದಿದ್ದಳು. ಸೋಪಿನ ಹೊದಿಕೆಯಿಂದ ಇರುವೆ ಪುಡಿಯ ಪೊಟ್ಟಣದವರೆಗೆ ಕಂಡದ್ದನ್ನೆಲ್ಲ ಕನ್ನಡಕ ಏರಿಸಿ ಓದುವುದು ಅತ್ತೆಯ ಚಟ. ತಿಳಿಯದಿದ್ದರೆ ಔಷಧಿ ಅಂಗಡಿಯವನಿಗೆ ತೋರಿಸಿ ಕೇಳಿಬಿಡುವರು. ಮಗುವಿಗೆ ಎರಡು ಸಲ ಫಿಟ್ಸ್ ಬಂದದ್ದು ತವರಿನಲ್ಲಿ. "ನನ್ನ ತಂಗಿ ಮದುವೆ ಆಗೋವರೆಗೂ ಅಮ್ಮನ ಹತ್ರ ಉಸಿರೆತ್ತಬೇಡ, ಅವಳ ಬಾಯಲ್ಲಿ ಗುಟ್ಟು ನಿಲ್ಲಲ್ಲ," ಎಂದಿದ್ದ ಗಂಡ. "ಮನೇಲಿ ಫಿಟ್ಸ್ ಇದೆ ಅಂದ್ರೆ ಗಂಡಿನ ಕಡೆಯವರು ನಮ್ಮ ಮೆಟ್ಟಿಲು ಹತ್ತಲ್ಲ." ಡಾಕ್ಟರು ಹೇಳಿದ್ದೂ ಕಿವಿಯಲ್ಲೇ ಇತ್ತು: ಒಂದು ಹೊತ್ತೂ ತಪ್ಪಿಸಬೇಡಿ.

"ಅಷ್ಟೇ ತಾನೆ? ಅದನ್ನೂ ಕೊಡಿ. ಈ ವಯಸ್ಸಿಗೆ ನನಗೂ ಹಸಿವು ಕಮ್ಮಿ," ಎನ್ನುತ್ತ ಅತ್ತೆ ಸೀಸೆ ಇಸಿದುಕೊಂಡು ಮುಚ್ಚಳ ತಿರುಗಿಸಿದರು.

"ಬೇಡ!" ಸೊಸೆ ಕಿತ್ತುಕೊಂಡಳು. ಮಗು ಬೆಚ್ಚಿತು. ಸಾಲಿನ ನಗೆ ನಿಂತಿತು.

ಅತ್ತೆ ಬರಿಗೈಯನ್ನು ಹಾಗೇ ಹಿಡಿದುಕೊಂಡು ನಿಂತರು. "ಮಗು ಕುಡಿಯೋದನ್ನ ನಾನು ಕುಡಿದ್ರೆ ಏನಾಗುತ್ತೆ?"

"ಏನಿಲ್ಲ ಅತ್ತೆ..."

"ಇದು ಹೊಟ್ಟೆಗೆ ಹೋದ್ರೆ ಸಾಕು, ಕೂಸು ಕಣ್ಣೆಳೆದು ತೂಕಡಿಸುತ್ತೆ. ನಾನೇನು ಕುರುಡೀನಾ? ಹಸಿವಿನ ಟಾನಿಕ್ ಅಂತೆ! ನಿದ್ದೆ ಬರಿಸಿ ಮೂಲೇಲಿ ಹಾಕಿ, ಫೋನು ಹಿಡಿದು ಕೂರೋಕೆ ಅಂತ ನನಗೆ ಅವತ್ತಿಂದಾನೂ ಅನುಮಾನ."

ತಪಾಸಣೆಯ ಹೆಂಗಸು ಮಗುವನ್ನು ನೋಡಿದಳು, ಸೊಸೆಯನ್ನು ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿ, "ಮಗುಗೆ ಇವರು ತಾಯೀನಾ?" ಎಂದು ಕೇಳಿದಳು.

ಅತ್ತೆ ಒಂದು ಗಳಿಗೆ ತಡೆದು, "ಹೌದು," ಎಂದರು.

ಆ ಒಂದು ಗಳಿಗೆ ಸೊಸೆಯ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು.

"ನೋಡಮ್ಮ, ಗುರುತಿಲ್ಲದ್ದನ್ನ ಬಿಡೋಕಾಗಲ್ಲ," ಎಂದಳು ಹೆಂಗಸು. "ಬರೀ ಹಸಿವಿನ ಟಾನಿಕ್ ಆದ್ರೆ ಇಲ್ಲಿ ಹಾಕಿ ಹೋಗಿ. ಇಳಿದ ಮೇಲೆ ಬೇರೆ ತಗೊಂಡ್ರಾಯ್ತು."

"ಹಾಕು ಮತ್ತೆ," ಎಂದರು ಅತ್ತೆ.

ಪಕ್ಕದ ಕಸದ ತೊಟ್ಟಿಯಲ್ಲಿ ಯಾರದೋ ಸೆಂಟು, ಯಾರದೋ ಶಾಂಪೂ ಬಿದ್ದಿದ್ದವು. ಸೊಸೆಯ ಕೈ ಅದರ ಮೇಲಕ್ಕೆ ಹೋಯಿತು. ಹಾಕಿದರೆ ಯಾರಿಗೂ ಏನೂ ಗೊತ್ತಾಗದು. ಮದುವೆಯೂ ನಡೆಯುತ್ತದೆ, ಗಂಡನೂ ಬೈಯಲಾರ. ಆದರೆ ಮೇಲೆ, ಆಕಾಶದಲ್ಲಿ, ಮಗುವಿನ ಕಣ್ಣು ಮತ್ತೆ ಮೇಲಕ್ಕೆ ಸಿಕ್ಕಿಕೊಂಡರೆ? ತುಟಿ ನೀಲಿಗಟ್ಟಿದರೆ? ಬೆರಳುಗಳು ಸೀಸೆಯನ್ನು ಬಿಡಲಿಲ್ಲ.

"ಇದು ಫಿಟ್ಸ್ ಔಷಧಿ," ಎಂದಳು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ಮಗುಗೆ ಫಿಟ್ಸ್ ಇದೆ. ಇದಿಲ್ಲದೆ ನಾನು ವಿಮಾನ ಹತ್ತಲ್ಲ."

ಹೆಂಗಸು ಕಾಗದದ ಪಟ್ಟಿಯೊಂದನ್ನು ಸೀಸೆಯ ಬಾಯಿಗೆ ಸವರಿ ಸ್ಫೋಟಕ ಪತ್ತೆ ಮಾಡುವ ಯಂತ್ರದೊಳಗೆ ತೂರಿಸಿದಳು. ಯಂತ್ರ ಸುಮ್ಮನಿತ್ತು. "ಮಗುವಿನ ಔಷಧಿಗೆ ಯಾರು ಬೇಡ ಅಂತಾರೆ? ಮೊದಲೇ ಹೇಳೋಕೇನಾಗಿತ್ತು?" ಎಂದು ಸೀಸೆಯನ್ನು ವಾಪಸು ಕೊಟ್ಟಳು. "ಆದ್ರೂ ಇಷ್ಟು ಸುಳ್ಳು ಹೇಳಿದ್ದೀರಿ, ನಿಮ್ಮನ್ನ ಇನ್ನೊಂದ್ಸಲ ನೋಡಲೇಬೇಕು. ಮಗೂನ ಅಜ್ಜಿ ಕೈಗೆ ಕೊಟ್ಟು ಪರದೆ ಒಳಗೆ ಬನ್ನಿ."

ಫಿಟ್ಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಆಚೆ ಬದಿಯ ಬೆಂಚಿಗೆ ಹೋಗಿ ಕೂತು ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದರು.

"ಅತ್ತೆ, ಮಗೂನ ಸ್ವಲ್ಪ ಎತ್ಕೊಳ್ಳಿ."

ಬಿಗಿದ ಪಟ್ಟಿಯನ್ನು ಬಿಚ್ಚಿ ಅವರು ಮತ್ತೆ ಬಿಗಿಯತೊಡಗಿದರು. ಮಗು ಎರಡೂ ಕೈ ಚಾಚಿ, ಅಜ್ಜಿ ಕೂತ ಕಡೆಗೆ ಮೈಯೆಲ್ಲ ಬಾಗಿಸಿತು.

"ಅತ್ತೆ... ಒಂದೇ ನಿಮಿಷ, ಎತ್ಕೊಳ್ಳಿ."